ಮರದಲ್ಲೊಂದು ಕಿರಣ್

ಸದ್ದು ಕೇಳಿಯೇ ಇದು ಯಾವ ವಿಮಾನ ಎಂದು ಹೇಳಬಲ್ಲವರು ಬೀದರಿನಲ್ಲಿ ಸಿಗುತ್ತಾರೆ. ಊರಿಗೆ ಅಂಟಿಕೊಂಡಂತೆ ವಾಯುಪಡೆಯ ನೆಲೆಯಿದೆ. ಯುದ್ಧವಿಮಾನದ ಪೈಲಟ್ ಆಗಲು ಹೊರಟವರು ಜೆಟ್ ಪಳಗಿಸಿಕೊಳ್ಳುವುದು ಇಲ್ಲಿ. 1996ರಲ್ಲಿ ಸೂರ್ಯಕಿರಣ್ ವೈಮಾನಿಕ ಕಸರತ್ತಿನ ತಂಡ ಕಟ್ಟಿದ್ದೂ ಇಲ್ಲೇ. ಆಗ ಅದರ ವಿಮಾನ ಎಚ್‌ಎಎಲ್‌ನ ಕಿರಣ್ ಮಾರ್ಕ್ 2. 2008ರಿಂದ ಹಾಕ್ ತರಬೇತಿ ವಿಮಾನಗಳು ಬಂದವು. ಕೆಲಕಾಲ ನಿಂತಿದ್ದ ಸೂರ್ಯಕಿರಣ್ ಮತ್ತೆ ಹಾರತೊಡಗಿದ್ದು ಹಾಕ್‌ನಲ್ಲೇ. ತರಗತಿಯಲ್ಲಿ ಮಾಸ್ತರರು ಪಾಠ ನಿಲ್ಲಿಸಿ ಸದ್ದು ದಾಟಿಹೋಗಲಿ ಎಂದು ಕಾಯುವ ಊರಿನಲ್ಲಿ ಬೆಳೆದ ಹುಡುಗ ಹುಡುಗಿಯರಿಗೆ ಒಂದಲ್ಲ ಒಂದು ದಿನ ಅಂಥದ್ದೊಂದನ್ನು ಕೈಯಾರೆ ಮಾಡಿ ಹಾರಿಸಬೇಕು ಅನ್ನಿಸುವುದು ಸಹಜ.

ಈ ಅಧ್ಯಾಯ ಆ ಆಸೆಯ ಬಗ್ಗೆ. ಕಿಟ್ ಪೆಟ್ಟಿಗೆಯಲ್ಲಿ ಬರುವ ಮರದ ತುಂಡುಗಳನ್ನು ಜೋಡಿಸಿ, ರೇಡಿಯೊದಿಂದ ನಡೆಸುವ ಒಂದು ಜೆಟ್ ಮಾದರಿಯನ್ನು ಕಟ್ಟುವಾಗ ಯಾವ ಯಾವ ವಿಜ್ಞಾನ ಕೈಗೆ ತಾಗುತ್ತದೆ ಎಂಬುದರ ಬಗ್ಗೆ. ಅಂಗಡಿಯಿಂದ ತಂದು ಹತ್ತು ನಿಮಿಷದಲ್ಲಿ ಹಾರಿಸುವ ಥರ್ಮಾಕೋಲಿನಂಥ ಫೋಮ್ ವಿಮಾನಗಳೂ ಇವೆ. ಅವು ಹಾರುವುದನ್ನು ಕಲಿಸುತ್ತವೆ. ವಿಮಾನ ಏಕೆ ಹಾರುತ್ತದೆ ಎಂಬುದನ್ನು ಕಲಿಯಲು ಮರವೇ ಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಜೆಟ್ ಎಂದರೆ ಲೋಹ, ಮರ ಎಂದರೆ ಆಟಿಕೆ ಎಂದು ಯಾರಾದರೂ ಅಂದುಕೊಂಡಿದ್ದರೆ ಚರಿತ್ರೆ ಬೇರೆಯೇ ಇದೆ. ಭಾರತೀಯ ವಾಯುಪಡೆಯ ಮೊದಲ ಜೆಟ್ ವಿಮಾನ 1948ರಲ್ಲಿ ಬಂದ ಡಿ ಹ್ಯಾವಿಲೆಂಡ್ ವ್ಯಾಂಪೈರ್. ಅದರ ರೆಕ್ಕೆ, ಬಾಲ ಲೋಹದವು. ಪೈಲಟ್ ಕೂರುವ ಒಡಲು ಮಾತ್ರ ಮರದ್ದು. ಎರಡು ತೆಳು ಪ್ಲೈವುಡ್ ಪದರಗಳ ನಡುವೆ ಬಾಲ್ಸಾ ಮರ ಇಟ್ಟು, ಅಚ್ಚಿನ ಮೇಲೆ ಬಾಗಿಸಿ ಅಂಟಿಸಿದ ಒಡಲು. ಬೆಂಗಳೂರಿನ ಎಚ್‌ಎಎಲ್ ಈ ವ್ಯಾಂಪೈರನ್ನು ಪರವಾನಗಿ ಪಡೆದು ತಯಾರಿಸಿತು. ಮುಂದೆ ತರಬೇತಿಯ ವ್ಯಾಂಪೈರ್‌ಗಳ ಜಾಗಕ್ಕೆಂದು ಅದೇ ಎಚ್‌ಎಎಲ್‌ನಲ್ಲಿ ವಿ. ಎಂ. ಘಾಟಗೆಯವರ ತಂಡ ವಿನ್ಯಾಸ ಮಾಡಿದ್ದು ಎಚ್‌ಜೆಟಿ-16 ಕಿರಣ್. 1964ರ ಸೆಪ್ಟೆಂಬರ್ 4ರಂದು ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸ್ ಅದನ್ನು ಮೊದಲ ಸಲ ಹಾರಿಸಿದರು. ಕಿರಣ್ ಪೂರ್ತಿ ಲೋಹದ್ದು. ಆದರೂ ಬಾಲ್ಸಾದಲ್ಲಿ ಕಿರಣ್ ಮಾದರಿ ಕಟ್ಟುವವರು, ಅದರ ಹಿಂದಿನ ತಲೆಮಾರಿನ ಜೆಟ್ ಯಾವುದರಿಂದ ಆಗಿತ್ತೋ ಅದೇ ಮರವನ್ನು ಕೈಯಲ್ಲಿ ಹಿಡಿದಿರುತ್ತಾರೆ.

ಮೊದಲ ಜೆಟ್ ಮಾದರಿಗೆ ಹಾಕ್‌ಗಿಂತ ಕಿರಣ್ ರೂಪವೇ ಲೇಸು. ಹಾಕ್‌ನ ರೆಕ್ಕೆ ಹಿಂದಕ್ಕೆ ಬಾಗಿದೆ, ಒಡಲು ಸಣ್ಣ. ಕಿರಣ್‌ನ ರೆಕ್ಕೆ ಬಹುಮಟ್ಟಿಗೆ ನೇರ. ಗುರು ಶಿಷ್ಯರು ಅಕ್ಕಪಕ್ಕ ಕೂರುವುದರಿಂದ ಮೂಗು ಅಗಲ. ಬ್ಯಾಟರಿಗೆ, ಕೈ ಹಾಕಿ ಕೆಲಸ ಮಾಡುವುದಕ್ಕೆ ಒಳಗೆ ಜಾಗವಿದೆ. ಮುಂದಿನ ಲೆಕ್ಕಗಳಿಗೆಲ್ಲ ಕಿರಣ್ ಅನ್ನೇ ಇಟ್ಟುಕೊಳ್ಳುತ್ತೇನೆ.

ನಿಜವಾದ ಕಿರಣ್‌ನ ರೆಕ್ಕೆಯ ಒಂದು ತುದಿಯಿಂದ ಇನ್ನೊಂದು ತುದಿಗೆ 10.7 ಮೀಟರ್. ರೆಕ್ಕೆಯ ವಿಸ್ತೀರ್ಣ 19 ಚದರ ಮೀಟರ್. ಹಾರಲು ಸಜ್ಜಾದಾಗ ತೂಕ ಸುಮಾರು 4,200 ಕಿಲೋ. ಇದನ್ನು ಒಂಬತ್ತನೇ ಒಂದರಷ್ಟಕ್ಕೆ ಇಳಿಸೋಣ. ರೆಕ್ಕೆಯ ಉದ್ದ 1.19 ಮೀಟರ್ ಆಯಿತು. ಮೇಜಿನ ಮೇಲೆ ಹಿಡಿಯುತ್ತದೆ. ವಿಸ್ತೀರ್ಣ ಒಂಬತ್ತರ ವರ್ಗದಂತೆ, ಅಂದರೆ 81 ಪಾಲು ಇಳಿಯುತ್ತದೆ: 0.23 ಚದರ ಮೀಟರ್ ಚಿಲ್ಲರೆ. ತೂಕ ಗಾತ್ರದ ಜೊತೆ ಹೋಗುವುದರಿಂದ ಒಂಬತ್ತರ ಘನದಂತೆ, 729 ಪಾಲು ಇಳಿಯಬೇಕು: ಐದೂಮುಕ್ಕಾಲು ಕಿಲೋ.

ಕಾಗದದ ಮೇಲೆ ಎಲ್ಲವೂ ಸರಿಯಾಗಿಯೇ ಇಳಿಯಿತು. ಇಳಿಯದೆ ಉಳಿದದ್ದು ಗಾಳಿ. ಮಾದರಿ ಚಿಕ್ಕದೆಂದು ಅದರ ಸುತ್ತಲಿನ ಗಾಳಿಯ ಕಣಗಳು ಚಿಕ್ಕವಾಗುವುದಿಲ್ಲ, ಗಾಳಿ ತೆಳುವಾಗುವುದೂ ಇಲ್ಲ. ಐದೂಮುಕ್ಕಾಲು ಕಿಲೋವನ್ನು ಆ ಪುಟ್ಟ ರೆಕ್ಕೆ ಹೊರಬೇಕಾದರೆ ಗಂಟೆಗೆ ಸುಮಾರು 75 ಕಿಲೋಮೀಟರ್‌ಗಿಂತ ಕಡಿಮೆ ವೇಗದಲ್ಲಿ ಹೋಗುವಂತಿಲ್ಲ; ಹೋದರೆ ರೆಕ್ಕೆಯ ಮೇಲಿನ ಗಾಳಿಯ ಹರಿವು ಕಿತ್ತುಕೊಂಡು ಎತ್ತುವ ಬಲ ಕುಸಿಯುತ್ತದೆ. ಇದಕ್ಕೆ ಸ್ಟಾಲ್ ಎನ್ನುತ್ತಾರೆ. ಇಷ್ಟು ಚಿಕ್ಕ ವಸ್ತು 75ರ ವೇಗದಲ್ಲಿ ನೆಲಕ್ಕೆ ಬರುವುದೆಂದರೆ ನೋಡುವವನ ಕಣ್ಣಿಗೂ ಚಕ್ರಕ್ಕೂ ಕಷ್ಟ. ಅದೇ ಮಾದರಿಯನ್ನು ಎರಡು ಕಿಲೋದಲ್ಲಿ ಕಟ್ಟಿದರೆ ಸ್ಟಾಲ್ ವೇಗ 44ರ ಆಸುಪಾಸಿಗೆ ಬರುತ್ತದೆ. ಸ್ಟಾಲ್ ವೇಗ ತೂಕದ ವರ್ಗಮೂಲದ ಜೊತೆ ಏರಿಳಿಯುವುದರಿಂದ ಈ ಲೆಕ್ಕ.

ಇನ್ನೂ ಒಂದು ತೊಡಕಿದೆ. 1883ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಕೊಳವೆಯಲ್ಲಿ ನೀರು ಹರಿಸಿ ನೋಡಿ ಕಂಡುಕೊಂಡ ಒಂದು ಸಂಖ್ಯೆ, ಹರಿವಿನಲ್ಲಿ ಓಟದ ಬಲ ಹೆಚ್ಚೋ ಅಂಟುತನ ಹೆಚ್ಚೋ ಎಂಬುದನ್ನು ಹೇಳುತ್ತದೆ. ನಿಜ ಕಿರಣ್‌ನ ರೆಕ್ಕೆಗೆ ಈ ಸಂಖ್ಯೆ ಕೋಟಿಯ ಲೆಕ್ಕದಲ್ಲಿ ಬರುತ್ತದೆ. ನಮ್ಮ ಮಾದರಿಗೆ ಎರಡು ಲಕ್ಷ ಚಿಲ್ಲರೆ. ಅಂದರೆ ಮಾದರಿಯ ಪಾಲಿಗೆ ಅದೇ ಗಾಳಿ ಹೆಚ್ಚು ಅಂಟು. ರೆಕ್ಕೆಯ ಬೆನ್ನಿನ ಮೇಲೆ ಹರಿವು ಬೇಗ ದಣಿದು ಮೇಲ್ಮೈ ಬಿಟ್ಟು ಏಳುತ್ತದೆ. ರೆಕ್ಕೆಯ ಮುಂದಂಚಿನಿಂದ ತುಸು ಹಿಂದೆ ತೆಳುವಾದ ಪಟ್ಟಿ ಟೇಪ್ ಅಂಟಿಸುವ ರೂಢಿ ಇದೆ. ಆ ಸಣ್ಣ ಏಣು ಗಾಳಿಯ ಪದರವನ್ನು ಕದಡುತ್ತದೆ, ಕದಡಿದ ಪದರ ಮೇಲ್ಮೈಯನ್ನು ಹೆಚ್ಚು ದೂರ ಹಿಡಿದುಕೊಂಡು ಹೋಗುತ್ತದೆ. ನುಣುಪಿಗಿಂತ ಒರಟೇ ಮೇಲಾಗುವ ಅಪರೂಪದ ಜಾಗ ಇದು.

ಎರಡು ಕಿಲೋ ಎಂದೆನಲ್ಲ, ಅದು ಹೇಗೆ ಖರ್ಚಾಗುತ್ತದೆ ನೋಡಿ. ಆರು ಸೆಲ್‌ಗಳ ಲಿಥಿಯಂ ಪಾಲಿಮರ್ ಬ್ಯಾಟರಿ ಸುಮಾರು 600 ಗ್ರಾಂ. 80 ಮಿ.ಮೀ. ಫ್ಯಾನ್ ಮತ್ತು ಮೋಟರು 280. ಮೋಟರಿನ ವೇಗ ನಿಯಂತ್ರಕ 100. ಸರ್ವೋ (ರೆಕ್ಕೆ, ಬಾಲದ ಪಟ್ಟಿಗಳನ್ನು ಅಲುಗಿಸುವ ಪುಟ್ಟ ಮೋಟರು), ರಿಸೀವರ್, ತಂತಿ ಎಲ್ಲ ಸೇರಿ 120. ಚಕ್ರ ಮತ್ತು ಕಾಲುಗಳಿಗೆ 150. ಉಳಿದದ್ದು 750 ಗ್ರಾಂ. ಇಡೀ ವಿಮಾನದ ಮರ, ಅಂಟು, ಹೊದಿಕೆ ಎಲ್ಲವೂ ಇದರಲ್ಲೇ ಆಗಬೇಕು. ಸಾಗವಾನಿಯಲ್ಲಿ ಇದು ಕನಸಿನ ಮಾತು. ಅದು ಘನ ಮೀಟರಿಗೆ 650 ಕಿಲೋ ತೂಗುತ್ತದೆ. ಬಾಲ್ಸಾ 160ರ ಆಸುಪಾಸು. ಮಧ್ಯ ಮತ್ತು ದಕ್ಷಿಣ ಅಮೆರಿಕದ ಮಳೆಕಾಡಿನ ಈ ಮರ ಕೆಲವೇ ವರ್ಷಗಳಲ್ಲಿ ಕಡಿಯುವ ಗಾತ್ರಕ್ಕೆ ಬೆಳೆಯುತ್ತದೆ. ಜಗತ್ತಿಗೆ ಹೆಚ್ಚಿನ ಪಾಲು ಬಾಲ್ಸಾ ಹೋಗುವುದು ಎಕ್ವಡಾರ್‌ನಿಂದ. ಜೀವಂತ ಮರದಲ್ಲಿ ಅದರ ದೊಡ್ಡ ದೊಡ್ಡ ಕೋಶಗಳ ತುಂಬ ನೀರು. ಒಣಗಿಸಿದ ಮೇಲೆ ತೆಳು ಗೋಡೆಗಳ ಗೂಡು ಮಾತ್ರ ಉಳಿಯುತ್ತದೆ.

ಕಿಟ್ ಬಿಚ್ಚಿದ ದಿನ ಅಂಟಿನ ಬಾಟಲಿ ಮುಟ್ಟಬೇಡಿ. ಒಂದು ಗ್ರಾಂ ತೋರಿಸುವ ಅಡುಗೆಮನೆಯ ತಕ್ಕಡಿ ಸಾಕು, ಹಲಗೆಗಳನ್ನು ಒಂದೊಂದಾಗಿ ತೂಗಿ. ಮೂರು ಮಿ.ಮೀ. ದಪ್ಪ, ಹತ್ತು ಸೆಂ.ಮೀ. ಅಗಲ, ಮೂರು ಅಡಿ ಉದ್ದದ ಒಂದು ಹಲಗೆ 27 ಗ್ರಾಂ ತೂಗಬಹುದು. ಅದರ ಪಕ್ಕದಲ್ಲಿದ್ದದ್ದು, ನೋಡಲು ತದ್ರೂಪ, 55 ಗ್ರಾಂ ತೂಗಬಹುದು. ಒಂದೇ ಜಾತಿಯ ಮರದಲ್ಲಿ ಇಷ್ಟು ಅಂತರ. ಪ್ರತಿಯೊಂದರ ಮೇಲೂ ಪೆನ್ಸಿಲ್ಲಿನಿಂದ ತೂಕ ಬರೆಯಿರಿ. ಆಮೇಲೆ ಅಂಚು ಹಿಡಿದು ಮೆಲ್ಲಗೆ ಅಡ್ಡಕ್ಕೆ ಬಾಗಿಸಿ. ಒಂದು ಹಲಗೆ ಸುಲಭವಾಗಿ ಸುತ್ತಿಕೊಳ್ಳುತ್ತದೆ, ಇನ್ನೊಂದು ಬಾಗಲೊಲ್ಲದೆ ಚಟ್ಟನೆ ಸೀಳುವ ಸೂಚನೆ ಕೊಡುತ್ತದೆ. ಆ ಎರಡನೆಯದರ ಮೈಮೇಲೆ ಮೀನಿನ ಪೊರೆಯಂಥ ಮಿನುಗು ಚುಕ್ಕೆಗಳು ಕಾಣುತ್ತವೆ. ದಿಮ್ಮಿಯನ್ನು ನಡುವಿನಿಂದ ಹೊರಕ್ಕೆ, ತ್ರಿಜ್ಯದ ದಿಕ್ಕಿನಲ್ಲಿ ಸೀಳಿದಾಗ ಬರುವ ಹಲಗೆ ಅದು. ರೆಕ್ಕೆಗೆ ಆಕಾರ ಕೊಡುವ ಪಕ್ಕೆಲುಬುಗಳಿಗೆ, ಅಂದರೆ ರಿಬ್‌ಗಳಿಗೆ, ಅದು ಹೇಳಿ ಮಾಡಿಸಿದ್ದು. ಬಾಗುವ ಹಲಗೆ ಒಡಲಿನ ಮೇಲ್ಹೊದಿಕೆಗೆ. ಹಗುರವಾದದ್ದನ್ನೆಲ್ಲ ಬಾಲದ ಕಡೆಗೆ ಎತ್ತಿಡಿ, ತೂಕದ್ದು ಮೂಗಿಗೆ.

ರೆಕ್ಕೆಯಿಂದ ಶುರು ಮಾಡುವುದು ವಾಡಿಕೆ. ನಕ್ಷೆಯನ್ನು ಸಪಾಟಾದ ಹಲಗೆಯ ಮೇಲೆ ಹಾಸಿ, ಅಂಟು ಹಿಡಿಯದಂತೆ ಮೇಲೆ ತೆಳು ಪ್ಲಾಸ್ಟಿಕ್ ಹೊದೆಸಿ, ಗುಂಡುಪಿನ್ನುಗಳಿಂದ ಕೆಳಗಿನ ತೊಲೆಯನ್ನು ಕೂರಿಸುತ್ತಾರೆ. ಅದರ ಮೇಲೆ ಲೇಸರ್‌ನಿಂದ ಕತ್ತರಿಸಿದ ರಿಬ್‌ಗಳು ಒಂದರ ಪಕ್ಕ ಒಂದು ನಿಲ್ಲುತ್ತವೆ, ಆಮೇಲೆ ಮೇಲಿನ ತೊಲೆ. ಹಾರುವಾಗ ರೆಕ್ಕೆ ಮೇಲಕ್ಕೆ ಬಾಗಲು ನೋಡುತ್ತದೆ: ಮೇಲಿನ ತೊಲೆ ಅದುಮಿಕೊಳ್ಳುತ್ತದೆ, ಕೆಳಗಿನದು ಎಳೆದುಕೊಳ್ಳುತ್ತದೆ. ಎರಡರ ನಡುವೆ ಏನೂ ಇಲ್ಲದಿದ್ದರೆ ಅವು ಒಂದರ ಮೇಲೊಂದು ಜಾರಿ ಮಡಚಿಹೋಗುತ್ತವೆ. ಅದಕ್ಕೇ ಪ್ರತಿ ಎರಡು ರಿಬ್‌ಗಳ ನಡುವೆ ತೊಲೆಗಳನ್ನು ಜೋಡಿಸುವ ತೆಳು ಬಾಲ್ಸಾ ಪಟ್ಟಿ ಹಾಕುವುದು. ಇದರ ನಾರು ಮೇಲಿಂದ ಕೆಳಕ್ಕೆ ನಿಂತಿರಬೇಕು. ನಾರು ಮಲಗಿಸಿ ಅಂಟಿಸಿದರೆ ಅಷ್ಟೇ ತೂಕಕ್ಕೆ ಬಲ ತೀರಾ ಕಡಿಮೆ. ಸೇತುವೆ ಕಟ್ಟುವ ಎಂಜಿನಿಯರು ಉಕ್ಕಿನ ಐ ಆಕಾರದ ತೊಲೆಯಲ್ಲಿ ಮಾಡುವುದೂ ಇದನ್ನೇ. ಇನ್ನು ತೊಲೆಯಿಂದ ಮುಂದಂಚಿನವರೆಗೆ ಮೇಲೂ ಕೆಳಗೂ ಹಲಗೆ ಹೊದೆಸಿದರೆ ಮುಚ್ಚಿದ ಕೊಳವೆಯೊಂದು ಉಂಟಾಗಿ, ರೆಕ್ಕೆ ತಿರುಚಿಕೊಳ್ಳುವುದು ನಿಲ್ಲುತ್ತದೆ. ಆ ಹೊದಿಕೆ ಹಾಕುವ ಮುನ್ನ ರೆಕ್ಕೆಯ ತುದಿಯನ್ನು ಬುಡಕ್ಕಿಂತ ಎರಡು ಡಿಗ್ರಿಯಷ್ಟು ಮೂತಿ ಕೆಳಗಾಗಿಸಿ ಪಿನ್ ಮಾಡಿರಬೇಕು. ನಿಧಾನವಾದಾಗ ಆಗ ಬುಡ ಮೊದಲು ಸ್ಟಾಲ್ ಆಗುತ್ತದೆ, ತುದಿ ಇನ್ನೂ ಹಾರುತ್ತಿರುತ್ತದೆ. ವಿಮಾನ ಒಂದು ಮಗ್ಗುಲಿಗೆ ಉರುಳುವುದಿಲ್ಲ. ಹಲಗೆ ಒಮ್ಮೆ ಅಂಟಿದ ಮೇಲೆ ಈ ಎರಡು ಡಿಗ್ರಿಯನ್ನು ಯಾರೂ ಸೇರಿಸಲಾರರು.

ಅಂಟಿನ ವಿಷಯದಲ್ಲಿ ಉದಾರತೆ ಬೇಡ. ಫೆವಿಕ್ವಿಕ್ ಜಾತಿಯ ಅಂಟು ಸೆಕೆಂಡುಗಳಲ್ಲಿ ಹಿಡಿಯುತ್ತದೆ, ಆದರೆ ಬಿರುಕು ತುಂಬುವುದಿಲ್ಲ. ಬಿಳಿ ಫೆವಿಕಾಲ್ ನಿಧಾನ, ಹಗುರ, ಬಿಗಿ. ಮೋಟರು ಕೂರುವ ಜಾಗಕ್ಕೆ, ಕಾಲು ಹೂಡುವ ಪ್ಲೈಗೆ ಅರಾಲ್ಡೈಟ್. ಯಾವುದೇ ಆದರೂ ಮರಕ್ಕೆ ಮರ ಗಾಳಿಯಾಡದಂತೆ ಕೂತಿದ್ದರೆ ಮಾತ್ರ ಕೆಲಸ ಮಾಡುತ್ತದೆ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಭಾರತಕ್ಕೆ ಬಂದಿದ್ದ ಮರದ ಮಸ್ಕಿಟೊ ವಿಮಾನಗಳಲ್ಲಿ ಕೆಲವು 1944ರಲ್ಲಿ ಹಾರಾಟದಲ್ಲೇ ಮುರಿದುಬಿದ್ದವು. ಇಲ್ಲಿನ ಸೆಕೆ, ತೇವದ ಜೊತೆಗೆ, ಅಂಟಿಸುವಾಗ ಸರಿಯಾಗಿ ಕೂಡದೆ ಉಳಿದ ಸಂದುಗಳೂ ತನಿಖೆಯಲ್ಲಿ ಕಂಡುಬಂದವು. ಕಿಟ್‌ನ ರಿಬ್ ತೊಲೆಯ ಮೇಲೆ ಅಲುಗುತ್ತಿದ್ದರೆ ಇನ್ನೊಂದು ಹನಿ ಅಂಟು ಸುರಿಯುವ ಬದಲು ಒಂದು ಚೂರು ಬಾಲ್ಸಾ ಕೆತ್ತಿ ತುಂಬುವುದೇ ಸರಿ.

ಒಡಲಿನೊಳಗೆ ಜೆಟ್ ಎಲ್ಲಿ? ಸೀಮೆಎಣ್ಣೆ ಕುಡಿದು ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತುವ ಕೈಹಿಡಿಯಷ್ಟು ಟರ್ಬೈನ್‌ಗಳು ಇವೆ. ಅವು ದುಬಾರಿ, ಅವುಗಳ ಶಾಖಕ್ಕೆ ಬಾಲ್ಸಾ ಎದುರು ನಿಲ್ಲುವುದೂ ಕಷ್ಟ. ಮೊದಲ ವಿಮಾನಕ್ಕೆ ಕೊಳವೆಯೊಳಗೆ ಸುತ್ತುವ ವಿದ್ಯುತ್ ಫ್ಯಾನ್ ಸಾಕು. 22 ವೋಲ್ಟಿನಲ್ಲಿ 80 ಆಂಪಿಯರ್ ಎಳೆದರೆ 1,760 ವ್ಯಾಟ್. ಹೊಲದ ಎರಡು ಎಚ್‌ಪಿ ಪಂಪಿನ ಮೋಟರಿಗಿಂತ ಹೆಚ್ಚು ಶಕ್ತಿ, ಅಂಗೈಯಲ್ಲಿ ಹಿಡಿಯುವ ಮೋಟರಿನಲ್ಲಿ! ಇಷ್ಟು ಶಕ್ತಿ ಸುರಿದರೂ ಸಿಗುವ ನೂಕುಬಲ ಎರಡೂಕಾಲು, ಎರಡೂವರೆ ಕಿಲೋ ಮಾತ್ರ. ಕಾರಣ ಫ್ಯಾನಿನ ಬಾಯಿ ಚಿಕ್ಕದು. ನೂಕುಬಲ ಎಂದರೆ ಸೆಕೆಂಡಿಗೆ ಎಷ್ಟು ಗಾಳಿಯನ್ನು, ಎಷ್ಟು ವೇಗ ಹೆಚ್ಚಿಸಿ ಹಿಂದಕ್ಕೆ ತಳ್ಳಿದೆವು ಎಂಬುದರ ಗುಣಾಕಾರ. ದೊಡ್ಡ ಪ್ರೊಪೆಲರ್ ಬಹಳ ಗಾಳಿಯನ್ನು ನಿಧಾನಕ್ಕೆ ತಳ್ಳಿ ಮಿತವ್ಯಯ ಮಾಡುತ್ತದೆ. ನಮ್ಮ ಫ್ಯಾನ್ ಸ್ವಲ್ಪ ಗಾಳಿಯನ್ನು ಸೆಕೆಂಡಿಗೆ 80 ಮೀಟರ್ ಆಸುಪಾಸಿನಲ್ಲಿ ಎಸೆಯುತ್ತದೆ. ಆ ವೇಗದ ವರ್ಗಕ್ಕೆ ತಕ್ಕಂತೆ ಶಕ್ತಿ ಖರ್ಚು.

ಇಲ್ಲಿ ಮತ್ತೆ ಅಳತೆ ಇಳಿಸುವ ತೊಂದರೆ ಎದುರಾಗುತ್ತದೆ. ನಿಜವಾದ ಕಿರಣ್‌ಗೆ ಒಡಲಿನ ಎಡಕ್ಕೂ ಬಲಕ್ಕೂ ಗಾಳಿ ಒಳಗೆಳೆವ ಬಾಯಿಗಳಿವೆ. ಅದರ ಎಂಜಿನ್ ಸುಡುವ ಅನಿಲವನ್ನು ಸೆಕೆಂಡಿಗೆ ನೂರಾರು ಮೀಟರ್ ವೇಗದಲ್ಲಿ ಉಗುಳುವುದರಿಂದ ಅದಕ್ಕೆ ಕಡಿಮೆ ಗಾಳಿಯಲ್ಲೇ ಕೆಲಸವಾಗುತ್ತದೆ. ಫ್ಯಾನಿಗೆ ಹಾಗಲ್ಲ. ಅಳತೆಗೆ ಸರಿಯಾಗಿ ಇಳಿಸಿದ ಬಾಯಿಗಳಲ್ಲಿ ಅದು ಉಸಿರು ಕಟ್ಟುತ್ತದೆ. ಹಾಗಾಗಿ ಹೊಟ್ಟೆಯ ಕೆಳಗೆ, ಕಣ್ಣಿಗೆ ಬೀಳದ ಕಡೆ ಇನ್ನೊಂದು ಕಿಂಡಿ ಕೊರೆಯುತ್ತಾರೆ. ಕೊಳವೆಯ ಒಳಮೈಗೆ ನಾನು ಹೊರಮೈಗಿಂತ ಹೆಚ್ಚು ಸ್ಯಾಂಡ್ ಪೇಪರ್ ಉಜ್ಜಲು ಹೇಳುತ್ತೇನೆ. ಹೊರಗಿನ ಬಣ್ಣ ನೋಡುವವರಿಗೆ, ಒಳಗಿನ ನುಣುಪು ವಿಮಾನಕ್ಕೆ. ಫ್ಯಾನಿನ ಹಿಂದಿನ ಕೊಳವೆ ಕ್ರಮೇಣ ಕಿರಿದಾಗಿ ಫ್ಯಾನ್ ಗುಡಿಸುವ ಜಾಗದ ಶೇ. 80–85ರಷ್ಟಕ್ಕೆ ಬಂದು ಮುಗಿದರೆ ಚೆನ್ನು.

ರೇಡಿಯೊ ಈಗ ತಲೆನೋವಲ್ಲ. ಹಿಂದೆ ಇಬ್ಬರು ಒಂದೇ ಚಾನೆಲ್ಲಿನಲ್ಲಿ ಸ್ವಿಚ್ ಹಾಕಿದರೆ ಒಬ್ಬರ ವಿಮಾನ ನೆಲಕ್ಕೆ ಬೀಳುತ್ತಿತ್ತು. ಇಂದಿನ 2.4 ಗಿಗಾಹರ್ಟ್ಸ್ ಸೆಟ್‌ಗಳು ಚಾನೆಲ್ಲಿನಿಂದ ಚಾನೆಲ್ಲಿಗೆ ತಾವೇ ಜಿಗಿಯುತ್ತ ಗೊಂದಲ ತಪ್ಪಿಸಿಕೊಳ್ಳುತ್ತವೆ. ಸರ್ವೋಗೆ ಹೋಗುವ ಸಂದೇಶ ತೀರಾ ಸರಳ: ಸಾಮಾನ್ಯವಾಗಿ ಸೆಕೆಂಡಿಗೆ ಐವತ್ತು ಸಲ ಒಂದು ಪುಟ್ಟ ವಿದ್ಯುತ್ ಮಿಡಿತ. ಮಿಡಿತ 1.5 ಮಿಲಿಸೆಕೆಂಡ್ ಇದ್ದರೆ ನಡುವೆ ನಿಲ್ಲು, 1 ಆದರೆ ಒಂದು ಕೊನೆ, 2 ಆದರೆ ಇನ್ನೊಂದು ಕೊನೆ. ಜೆಟ್ ಮಾದರಿಯಲ್ಲಿ ಗಮನ ಬೇಕಾದದ್ದು ಸರ್ವೋದಿಂದ ರೆಕ್ಕೆಯ ಏಲರಾನ್, ಬಾಲದ ಎಲಿವೇಟರ್ ಪಟ್ಟಿಗಳಿಗೆ ಹೋಗುವ ಕಡ್ಡಿಗಳಿಗೆ. ಅಲ್ಲಿ ಸಡಿಲವಿದ್ದರೆ ವೇಗ ಹೆಚ್ಚಿದಾಗ ಗಾಳಿ ಆ ಪಟ್ಟಿಯನ್ನು ಅತ್ತಿತ್ತ ಬಡಿಯತೊಡಗುತ್ತದೆ, ಬಡಿತ ರೆಕ್ಕೆಯ ಸಹಜ ಕಂಪನದ ಜೊತೆ ತಾಳ ಹಾಕಿದರೆ ಕ್ಷಣಾರ್ಧದಲ್ಲಿ ರೆಕ್ಕೆ ಹರಿಯುತ್ತದೆ. ಇದು ಫ್ಲಟರ್. ನಿಧಾನದ ವಿಮಾನಗಳು ಕ್ಷಮಿಸುವ ಸಡಿಲವನ್ನು ಜೆಟ್ ಕ್ಷಮಿಸುವುದಿಲ್ಲ.

ಹೊದಿಕೆಗೆ ಇಸ್ತ್ರಿಯಿಂದ ಅಂಟಿಸುವ ಪ್ಲಾಸ್ಟಿಕ್ ಫಿಲ್ಮ್ ಬರುತ್ತದೆ, ಚದರ ಮೀಟರಿಗೆ 60–70 ಗ್ರಾಂ. ಬಿಸಿಗೆ ಕುಗ್ಗಿ ಬಿಗಿಯಾಗುತ್ತದೆ. ಬೀದರಿನಲ್ಲಿ ಮಳೆಗಾಲದ ತೇವಕ್ಕೆ ಬಾಲ್ಸಾ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಜುಲೈನಲ್ಲಿ ಬಿಗಿ ಮಾಡಿದ ಹೊದಿಕೆ ಏಪ್ರಿಲ್‌ಗೆ ಸುಕ್ಕುಗಟ್ಟುತ್ತದೆ. ದೀಪಾವಳಿ ಕಳೆದ ಒಣಹವೆಯಲ್ಲಿ ಈ ಕೆಲಸ ಇಟ್ಟುಕೊಳ್ಳುವುದು ಒಳ್ಳೆಯದು.

ಇಷ್ಟಾದ ಮೇಲೆ ಗುರುತ್ವ ಕೇಂದ್ರ. ನಮ್ಮ ಮಾದರಿಯ ರೆಕ್ಕೆಯ ಸರಾಸರಿ ಅಗಲ ಇಪ್ಪತ್ತು ಸೆಂ.ಮೀ. ಅದರ ಮುಂದಂಚಿನಿಂದ ಐದು, ಐದೂವರೆ ಸೆಂ.ಮೀ. ಹಿಂದೆ ಎರಡೂ ರೆಕ್ಕೆಗಳ ಕೆಳಗೆ ಬೆರಳು ಕೊಟ್ಟು ಎತ್ತಿದರೆ ವಿಮಾನ ಸಮನಾಗಿ, ಮೂಗು ಕೂದಲೆಳೆಯಷ್ಟು ಕೆಳಗಾಗಿ ನಿಲ್ಲಬೇಕು. ಬಾಲ ಕೆಳಗೆ ಬಿದ್ದರೆ ಹಾರಿಸಲು ಹೋಗಬೇಡಿ. ಕೇಂದ್ರ ಹಿಂದೆ ಸರಿದ ವಿಮಾನ ಒಮ್ಮೆ ಮೂಗೆತ್ತಿದರೆ ಇನ್ನಷ್ಟು ಎತ್ತುತ್ತಲೇ ಹೋಗುತ್ತದೆ. ಬಾಲಕ್ಕೆ ಅದನ್ನು ಮರಳಿ ತರುವ ತ್ರಾಣ ಇರುವುದಿಲ್ಲ. ಬ್ಯಾಟರಿಯನ್ನು ಮೂಗಿನತ್ತ ತಳ್ಳಿ ಸರಿಮಾಡಲು ನೋಡಿ. ಅದೂ ಸಾಲದಾದರೆ ಸೀಸ. ಬಾಲದ ತುದಿ ಕೇಂದ್ರದಿಂದ 50 ಸೆಂ.ಮೀ. ಹಿಂದೆ, ಸೀಸ 20 ಸೆಂ.ಮೀ. ಮುಂದೆ ಇದ್ದರೆ ಬಾಲದಲ್ಲಿ ಹೆಚ್ಚಾದ 10 ಗ್ರಾಂಗೆ ಮೂಗಿನಲ್ಲಿ 25 ಗ್ರಾಂ ಇಡಬೇಕು. ಹಗುರ ಹಲಗೆಗಳನ್ನು ಬಾಲಕ್ಕೆ ಎತ್ತಿಟ್ಟದ್ದರ ಫಲ ಇಲ್ಲಿ ಸಿಗುತ್ತದೆ.

ವಿಮಾನ ಕಟ್ಟುವುದು ಬೀದರಿನಲ್ಲಾದರೂ ಹಾರಿಸುವುದು ಅಲ್ಲಲ್ಲ. 2021ರ ಡ್ರೋನ್ ನಿಯಮಗಳು ಇಂಥ ಮಾದರಿಗಳನ್ನೂ ಒಳಗೊಳ್ಳುತ್ತವೆ. ಚಾಲ್ತಿಯಲ್ಲಿರುವ ವಿಮಾನ ನಿಲ್ದಾಣದ ಸುತ್ತುಗಡಿಯಿಂದ 8 ಕಿ.ಮೀ. ಒಳಗೆ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. 8ರಿಂದ 12 ಕಿ.ಮೀ.ವರೆಗೆ 200 ಅಡಿ, ಅದರಾಚೆ ಹಸಿರು ವಲಯವಾದರೆ 400 ಅಡಿ ಎತ್ತರ ಮುಕ್ತ. ಬೀದರಿನಲ್ಲಿರುವುದು ವಾಯುಪಡೆಯ ನೆಲೆ. 2020ರಿಂದ ನಾಗರಿಕ ವಿಮಾನಗಳಿಗೂ ಅದೇ ರನ್‌ವೇ. ತರಬೇತಿಯ ಪೈಲಟ್ ಇಳಿಯುವ ದಾರಿಯಲ್ಲಿ ಎರಡು ಕಿಲೋ ಬ್ಯಾಟರಿ ಮತ್ತು ಮರ ಅಡ್ಡ ಬರುವುದು ಎಂದರೆ ಏನೆಂದು ಈ ಊರಿನವರಿಗೆ ಯಾರೂ ವಿವರಿಸಬೇಕಿಲ್ಲ. ಭಾಲ್ಕಿ, ಔರಾದ್ ಎರಡೂ ನಗರದಿಂದ ಸುಮಾರು 40 ಕಿ.ಮೀ. ದೂರ. ಡ್ರೋನ್ ವಲಯಗಳನ್ನು ಬಣ್ಣಗಳಲ್ಲಿ ತೋರಿಸುವ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಆ ದಿನದ ಬಣ್ಣ ನೋಡಿಕೊಂಡು, ಹೊಲದವರನ್ನು ಕೇಳಿಕೊಂಡು ಅತ್ತ ಹೋಗುವುದೇ ಸರಿಯಾದ ದಾರಿ.

ಅಲ್ಲಿ ನೆಲ ಬದಲಾಗುತ್ತದೆ. ಬೀದರ್ ಕೂತಿರುವುದು ಕೆಂಪು ಜಂಬಿಟ್ಟಿಗೆಯ ಮೇಲೆ. ಭಾಲ್ಕಿ, ಔರಾದ್ ಕಡೆ ಹೆಚ್ಚಿನದು ಎರೆ ಹೊಲ. ಸೋಯಾ, ತೊಗರಿ ಎದ್ದ ಮೇಲೆ ಎರೆ ಬಿರಿದು ಹೆಂಟೆಗಟ್ಟುತ್ತದೆ, ಜೆಟ್ ಮಾದರಿಯ ಐದು ಸೆಂ.ಮೀ. ಚಕ್ರ ಅದರಲ್ಲಿ ಹೂತುಕೊಳ್ಳುತ್ತದೆ. ಮುರುಮ್ ಹಾಸಿ ಗಟ್ಟಿಯಾದ ಬಯಲು ಹುಡುಕಬೇಕು. ಉದ್ದ ನೂರು ಮೀಟರಾದರೂ ಇರಲಿ, ಸುತ್ತ ಜನ ದನ ಇರಬಾರದು.

ಹವೆಯನ್ನೂ ಆರಿಸಿಕೊಳ್ಳಬೇಕು. ಬೀದರಿನ ವಿಮಾನ ನೆಲೆ ಸಮುದ್ರಮಟ್ಟದಿಂದ 660 ಮೀಟರ್ ಎತ್ತರದಲ್ಲಿದೆ. ಆ ಎತ್ತರದಲ್ಲಿ ಮೇ ತಿಂಗಳ 40 ಡಿಗ್ರಿ ಮಧ್ಯಾಹ್ನ ಗಾಳಿಯ ಸಾಂದ್ರತೆ ಪುಸ್ತಕದಲ್ಲಿ ಕೊಡುವ ಸಮುದ್ರಮಟ್ಟದ ಲೆಕ್ಕಕ್ಕಿಂತ ಶೇ. 15ರಷ್ಟು ಕಡಿಮೆ. ಸ್ಟಾಲ್ ವೇಗ ಶೇ. 8ರಷ್ಟು ಏರುತ್ತದೆ, ಫ್ಯಾನಿನ ನೂಕುಬಲವೂ ಇಳಿಯುತ್ತದೆ. ಮೇಲಾಗಿ ಕಾದ ಎರೆಭೂಮಿಯಿಂದ ಬಿಸಿಗಾಳಿಯ ಕಂಬಗಳೇಳುತ್ತವೆ. ಹದ್ದುಗಳು ರೆಕ್ಕೆ ಬಡಿಯದೆ ಸುತ್ತುತ್ತಿರುವ ಕಡೆ ಅಂಥದ್ದೊಂದು ಇದೆ ಎಂದೇ ಅರ್ಥ. ಡಿಸೆಂಬರ್, ಜನವರಿಯ 12 ಡಿಗ್ರಿಯ ಬೆಳಗಿನಲ್ಲಿ ಸಾಂದ್ರತೆಯ ಕೊರತೆ ಶೇ. 7ಕ್ಕೆ ಇಳಿಯುತ್ತದೆ. ಮೊದಲ ಹಾರಾಟಕ್ಕೆ ಆ ಹೊತ್ತೇ ಸರಿ.

4,000 ಮಿಲಿ ಆಂಪಿಯರ್-ಗಂಟೆಯ ಬ್ಯಾಟರಿ 80 ಆಂಪಿಯರ್‌ನಲ್ಲಿ ಮೂರು ನಿಮಿಷಕ್ಕೆ ಬರಿದಾಗುತ್ತದೆ. ಪೂರ್ತಿ ಬರಿದು ಮಾಡುವಂತಿಲ್ಲ, ಸೆಲ್ ಕೆಡುತ್ತದೆ. ಥ್ರಾಟಲ್ ಇಳಿಸಿಕೊಂಡು ಹಾರಿಸಿದರೂ ಮೂರು ನಿಮಿಷಕ್ಕೆ ಇಳಿಯಲು ಹೊರಡಬೇಕು. ದೂರ ಹೋಗಬೇಡಿ. 150 ಮೀಟರ್ ದೂರದಲ್ಲಿ ಈ ವಿಮಾನ ಹುಣ್ಣಿಮೆಯ ಚಂದ್ರನಿಗಿಂತ ತುಸು ಕಡಿಮೆ ಅಗಲ ಕಾಣುತ್ತದೆ. ಆಮೇಲೆ ಅದು ಬರುತ್ತಿದೆಯೋ ಹೋಗುತ್ತಿದೆಯೋ ತಿಳಿಯುವುದಿಲ್ಲ. ಸೆಕೆಂಡಿಗೆ 30 ಮೀಟರ್ ಓಡುವ ಮಾದರಿಗೆ ಆ ದೂರ ಐದು ಸೆಕೆಂಡಿನ ದಾರಿ. ಇಳಿಯುವಾಗ ಗಾಳಿಗೆ ಎದುರಾಗಿ, ಚಪ್ಪಟೆಯಾದ ಉದ್ದ ಇಳಿಜಾರಿನಲ್ಲಿ ಬನ್ನಿ. ಫ್ಯಾನ್ ಆರಿಸಬೇಡಿ. ನಿಂತ ಫ್ಯಾನ್ ಕೊಳವೆಗೆ ಬಿರಡೆ ಹಾಕಿದಂತಾಗಿ ಎಳೆತ ಹೆಚ್ಚುತ್ತದೆ, ಮತ್ತೆ ವೇಗಕ್ಕೆ ಬರಲು ಒಂದೆರಡು ಸೆಕೆಂಡು ಹಿಡಿಯುತ್ತದೆ. ನೆಲ ಇನ್ನು ಒಂದು ಅಡಿ ಇರುವಾಗ ಥ್ರಾಟಲ್ ಮುಚ್ಚಿ, ಎಲಿವೇಟರ್ ಬೆರಳಿನಷ್ಟು ಎಳೆದು ಹಿಡಿಯಿರಿ. ಹಿಂದಿನ ಎರಡು ಚಕ್ರ ಮೊದಲು ತಾಗಲಿ, ಮೂಗಿನ ಚಕ್ರ ಆಮೇಲೆ.